ಬೆಂಕಿ ಯಾವ ಕಡೆ

ಕಾಫಿಪುಡಿ, ಸಕ್ಕರೆ, ಮೇಣದಬತ್ತಿ, ಉಪ್ಪು ಬಿಸ್ಕತ್ತು ಎಲ್ಲ ಕಟ್ಟೆಯ ಮೇಲೆ ಸಾಲಾಗಿ ಬಂದು ಕೂತ ಮೇಲೆ ಅಂಗಡಿಯ ಉಬಾಲ್ದೊ ತಿರುಗಿಯೂ ನೋಡದೆ ಕೈಯನ್ನು ಹಿಂದಕ್ಕೆ ಚಾಚಿ ಸಿಗರೇಟಿನ ಗೂಡಿನಲ್ಲಿ ಬೆರಳಾಡಿಸಿದ. ಕುರುಡು ಬೆರಳುಗಳು, ಆದರೆ ತಪ್ಪುವುದಿಲ್ಲ. ನೂರಿಸ್‌ಳ ತಂಗಿ ಎನೇಯ್ಡಾ ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡರೆ ಸಾಕಿತ್ತು, ಅವಳು ಮೆಟ್ಟಿಲು ಹತ್ತುವಷ್ಟರಲ್ಲಿ ಈ ಬೆರಳುಗಳು ಅವಳ ಪ್ಯಾಕನ್ನು ಹುಡುಕಿ ತೆಗೆದಿರುತ್ತಿದ್ದವು.

"ಕೆಂಪೋ, ಬಿಳೀದೋ, ಅಕ್ಕಾ?"

"ಬೇಡ" ಎಂದಳು ನೂರಿಸ್.

"ಬೇಡವಾ? ತಂಗಿ ಹೋಗಿ ಇವತ್ತು ಒಂಬತ್ತನೇ ದಿನ. ಜನ ಬರ್ತಾರೆ, ಜಪಸರ ಮುಗಿಸ್ತಾರೆ, ತಟ್ಟೆ ಎಲ್ಲಿ ಅಂತಾರೆ. ಆಗೇನು ಬಿಸ್ಕತ್ತಿಗೆ ಬೆಂಕಿ ಹಚ್ಕೊಡ್ತೀರಾ?"

ಹಿಂದೆ ನಿಂತಿದ್ದ ಯಾರೋ ನಕ್ಕರು. ನೂರಿಸ್‌ಳ ಕಿವಿ ಬಿಸಿಯಾಯಿತು. ಐವತ್ತು ದಾಟಿದ ಮೇಲೂ ಈ ಊರಿನಲ್ಲಿ ಅವಳ ಕಿವಿ ಬಿಸಿಯಾಗುವುದು ನಿಂತಿಲ್ಲ. ಉಬಾಲ್ದೊ ಎರಡು ಪ್ಯಾಕ್ ತೆಗೆದು ತಾನೇ ಅವಳ ಚೀಲದೊಳಗೆ ತೂರಿಸಿದ. "ಇದು ನನ್ನ ಕಡೆಯಿಂದ. ಎನೇಯ್ಡಾ ನನ್ನ ಒಳ್ಳೇ ಗಿರಾಕಿ. ಮೇಲಿನ ಚಿತ್ರ ನೋಡ್ಬೇಡಿ, ಅದು ಸರ್ಕಾರದವರು ಕಟ್ಟಿರೋ ದೃಷ್ಟಿಬೊಂಬೆ ಅಷ್ಟೇ." ಚಿತ್ರದಲ್ಲಿ ಮೂಗಿಗೆ ನಳಿಗೆ ಸಿಕ್ಕಿಸಿಕೊಂಡ ಒಬ್ಬ ಹೆಂಗಸು ಮಲಗಿದ್ದಳು. ಕೊನೆಕೊನೆಗೆ ಎನೇಯ್ಡಾಗೂ ಅಂಥದೇ ನಳಿಗೆ ಇತ್ತು. ಆದರೆ ಎನೇಯ್ಡಾ ಲಿಪ್‌ಸ್ಟಿಕ್ ಇಲ್ಲದೆ ಫೋಟೋಗೆ ಮುಖ ಕೊಡುವವಳೇ ಅಲ್ಲ. ಒಳ್ಳೇ ಗಿರಾಕಿ. ನೂರಿಸ್‌ಳ ನಾಲಗೆಯ ತುದಿಗೆ ಏನೋ ಬಂತು. ಹೀರೋಯಿನ್ ಆಗಿದ್ದರೆ ಆ ಮಾತನ್ನು ಹೇಳಿ, ಚೀಲವನ್ನು ಕಟ್ಟೆಯ ಮೇಲೆ ಬಡಿದು, ಸಂಗೀತದ ಜೊತೆ ಹೊರಗೆ ನಡೆಯಬಹುದಿತ್ತು. ನೂರಿಸ್‌ಳ ಮಾತುಗಳು ಮಾತ್ರ ಯಾವಾಗಲೂ ಮನೆ ತಲುಪಿದ ಮೇಲೆಯೇ ಪೂರ್ತಿಯಾಗುತ್ತವೆ. "ಆಯ್ತು" ಎಂದು ಚೀಲ ಎತ್ತಿಕೊಂಡಳು.

ಏರುಬೀದಿಯಲ್ಲಿ ಬಿಸಿಲು ನಿಂತಲ್ಲೇ ನಿಂತಿತ್ತು. ಒಣಗಲು ತೂಗುಹಾಕಿದ ತಂಬಾಕಿನ ಎಲೆಗಳ ವಾಸನೆ ಓವೆಹಾಸ್ ಊರಿನ ಎಲ್ಲ ಬೀದಿಗಳಲ್ಲೂ ಇರುತ್ತದೆ, ಇಲ್ಲಿ ಹುಟ್ಟಿದವರ ಮೂಗಿಗೆ ಅದು ವಾಸನೆಯೇ ಅಲ್ಲ, ಗಾಳಿ. ಜಪಸರ ಮುಗಿದ ಮೇಲೆ ತಟ್ಟೆ ಹಿಡಿಯಬೇಕಾದವಳು ಸತ್ತವಳ ಅಕ್ಕ. ತಟ್ಟೆ ಮೊದಲು ಹೋಗಬೇಕಾದದ್ದು ಸತ್ತವಳ ಮಗಳ ಮುಂದೆ. ಅವರ ಮನೆಯ ಹೆಂಗಸರಲ್ಲಿ ಇದು ಹೀಗೇ ನಡೆದುಬಂದಿದೆ. ತಾಯಿಯ ಒಂಬತ್ತನೇ ದಿನ ಮಗಳು ಎಲ್ಲರ ಎದುರಿಗೆ ಒಂದನ್ನು ತೆಗೆದು ಹಚ್ಚುತ್ತಾಳೆ, ಅಲ್ಲಿಂದಾಚೆಗೆ ಅವಳನ್ನು ಯಾರೂ ಹುಡುಗಿ ಎನ್ನುವುದಿಲ್ಲ. ಅಂದರೆ ಇವತ್ತು ಸಂಜೆ ನೂರಿಸ್ ತನ್ನ ಕೈಯಾರೆ ಎನೇಯ್ಡಾಳ ಮಗಳು ಮಾಯೆರ್ಲಿಸ್‌ಳ ಮುಂದೆ ಸಿಗರೇಟಿನ ತಟ್ಟೆ ಹಿಡಿಯಬೇಕು. ಹದಿನೇಳರ ಹುಡುಗಿ. ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಸತ್ತ ತಾಯಿ. ಯಾವ ನಾಟಕದವನಿಗೆ ಬರೆದು ತೋರಿಸಿದರೂ ಅತಿಯಾಯಿತು ಎಂದು ಗೀಟು ಎಳೆದಾನು. ಹಿಡಿಯುವುದಿಲ್ಲ, ಎಂದುಕೊಂಡಳು ನೂರಿಸ್. ಬೆಳಿಗ್ಗೆ ಎದ್ದಾಗಿನಿಂದ ಇದನ್ನೇ ಎಂದುಕೊಳ್ಳುತ್ತಿದ್ದಾಳೆ, ಪ್ರತಿ ಸಲ ಸ್ವಲ್ಪ ಮೆತ್ತಗೆ.

ಬೀದಿಯ ಕೊನೆಯಲ್ಲಿ ತೊರೆ. ಈಗ ಅದರಲ್ಲಿ ನೀರಿಗಿಂತ ಪ್ಲಾಸ್ಟಿಕ್ಕೇ ಹೆಚ್ಚು. ನೂರಿಸ್ ಚಿಕ್ಕವಳಿದ್ದಾಗ ಹೆಂಗಸರು ಸಾಲಾಗಿ ಮೊಣಕಾಲುದ್ದ ನೀರಲ್ಲಿ ನಿಂತು ಊರ ದೊಡ್ಡವರ ಬಿಳಿ ಹಾಸಿಗೆಬಟ್ಟೆ ಒಗೆಯುತ್ತಿದ್ದರು, ಎಲ್ಲರ ಬಾಯಲ್ಲೂ ಚುಟ್ಟ, ಎಲ್ಲರ ಚುಟ್ಟವೂ ತಿರುಗುಮುರುಗು. ಬೆಂಕಿಯ ತುದಿ ಬಾಯೊಳಗೆ, ಹಸಿ ತುದಿ ಹೊರಗೆ. ಎರಡೂ ಕೈ ಸಾಬೂನಿನಲ್ಲಿರುವಾಗ ಬೂದಿ ಕೊಡವುವವರು ಯಾರು? ಹೊರಗಿದ್ದರೆ ಗಾಳಿಗೆ ಆರುತ್ತದೆ, ಬಿಳಿ ಬಟ್ಟೆಯ ಮೇಲೆ ಬೂದಿ ಉದುರುತ್ತದೆ, ಕೂಲಿ ಹೋಗುತ್ತದೆ. ಒಳಗಿದ್ದರೆ ಸುಡುವುದು ತಮ್ಮ ಬಾಯಿ ತಾನೇ. ಅಮ್ಮ ಪೆತ್ರೋನಾ ಹಾಗೇ ಮಾತಾಡುತ್ತಿದ್ದಳು, ಹಾಗೇ ಬೈಯುತ್ತಿದ್ದಳು, ಬೆಂಕಿ ಬಾಯಲ್ಲಿಟ್ಟುಕೊಂಡೇ ನಗುತ್ತಿದ್ದಳು, ಮೂಗಿನಿಂದ ಹೊಗೆ ಬರುತ್ತಿತ್ತು. ಪುಟ್ಟ ನೂರಿಸ್‌ಗೆ ಅದು ಜಗತ್ತಿನ ಅತಿ ದೊಡ್ಡ ಮಾಯ. ಕಾರ್ತಹೇನಾ ನಗರದಿಂದ ಬಂದ ಹೊಸ ಟೀಚರು ಒಂದು ದಿನ ತೊರೆಯ ದಡದಲ್ಲಿ ನಿಂತು ನೋಡಿ, ಕರ್ಚೀಪಿನಿಂದ ಬಾಯಿ ಮುಚ್ಚಿಕೊಂಡು, "ನಿಮ್ಮಮ್ಮ ಸರ್ಕಸ್ಸಿನವಳಾ?" ಎಂದು ಕೇಳುವವರೆಗೆ. ಮಾಯ ಅಲ್ಲೇ ಸತ್ತಿತು. ಆಮೇಲೆ ಶಾಲೆಯಲ್ಲಿ ಅವಳ ಹೆಸರು ಬೆಂಕಿನುಂಗಿಯ ಮಗಳು.

ಅದಕ್ಕೇ ಕಾರ್ತಹೇನಾಗೆ ಹೋಗಿ ಬ್ಯೂಟಿ ಪಾರ್ಲರಿನಲ್ಲಿ ತಲೆ ತೊಳೆಯುವ ಕೆಲಸಕ್ಕೆ ಸೇರಿದಾಗ ಅವಳು ಮೊದಲು ಕಲಿತದ್ದು ಕತ್ತರಿ ಹಿಡಿಯುವುದನ್ನಲ್ಲ, ಮಾಲಕಿ ಸಿಗರೇಟು ಹಿಡಿಯುವ ರೀತಿಯನ್ನು. ಬೆರಳ ತುದಿಯಲ್ಲಿ, ಮಣಿಕಟ್ಟು ಸ್ವಲ್ಪ ಬಾಗಿಸಿ, ತನ್ನದಲ್ಲ ಎನ್ನುವ ಹಾಗೆ. ಬಿಳಿ, ಸಪೂರ, ಫಿಲ್ಟರಿನದು, ಪ್ಯಾಕಿನ ಮೇಲೆ 'ಲೈಟ್' ಎಂದು ಬರೆದದ್ದು. ಮೊದಲ ಈಸ್ಟರ್ ರಜೆಗೆ ಊರಿಗೆ ಬಂದವಳು ಅಡುಗೆಮನೆಯ ಹಿಂದೆ, ಒಗೆಯುವ ಕಲ್ಲಿನ ಮೇಲೆ, ಹದಿನೈದರ ತಂಗಿಯನ್ನು ಕೂರಿಸಿಕೊಂಡು ಪ್ಯಾಕು ಬಿಚ್ಚಿದಳು. ಎನೇಯ್ಡಾ ಅಭ್ಯಾಸಬಲದಿಂದ, ನೋಡಿದ್ದನ್ನೇ ಮಾಡುತ್ತ, ಹಚ್ಚಿದ ತುದಿಯನ್ನು ಬಾಯಿಗೆ ಇಡಲು ಹೋದಾಗ ನೂರಿಸ್ ಅವಳ ಕೈಮೇಲೆ ಹೊಡೆದಳು. "ಥೂ, ಹಾಗಲ್ಲ. ಬೆಂಕಿ ಹೊರಗಿರಬೇಕು. ಮನುಷ್ಯರ ಹಾಗೆ." ಎನೇಯ್ಡಾ ಕೆಮ್ಮಿದಳು, ನಕ್ಕಳು, ಮಣಿಕಟ್ಟು ಬಾಗಿಸಿದಳು. "ಹೇಗೆ ಕಾಣ್ತೀನಿ?" ಸಿನಿಮಾದವಳ ಹಾಗೆ, ಎಂದಿದ್ದಳು ನೂರಿಸ್. ನಿಜವಾಗಿಯೂ ಹಾಗೇ ಕಂಡಿದ್ದಳು. "ನಾನಂತೂ ಅಮ್ಮನ ಹಾಗಲ್ಲಪ್ಪ" ಎಂದಳು ಎನೇಯ್ಡಾ, ಹೊಗೆಯನ್ನು ಬಾಳೆಯ ಗಿಡದ ಕಡೆ ಊದಿ. ತಂಗಿಯನ್ನು ನಗೆಪಾಟಲಿನಿಂದ ಉಳಿಸಿದೆ ಎಂಬ ತೃಪ್ತಿಯಲ್ಲಿ ನೂರಿಸ್ ಆ ರಾತ್ರಿ ಸೊಗಸಾಗಿ ನಿದ್ದೆ ಮಾಡಿದ್ದಳು. ಆ ನಿದ್ದೆಯ ನೆನಪೇ ಈಗ ಹೆಚ್ಚು ಚುಚ್ಚುತ್ತದೆ.

ಎನೇಯ್ಡಾಳನ್ನು ಕರೆದೊಯ್ದಿದ್ದ ಸಿಂಸೆಲೆಹೋದ ಆಸ್ಪತ್ರೆಯಲ್ಲಿ ಕಾಯುವ ಬೆಂಚುಗಳು ಎದುರುಬದುರು ಇದ್ದವು. ಹಿಂದೆಲ್ಲ ರೋಗಿಗಳ ಸಾಲಿನಲ್ಲಿ ಗಂಡಸರು ತುಂಬಿರುತ್ತಿದ್ದರು, ಹೆಂಗಸರು ಅವರ ಜೊತೆಗೆ ಬಂದವರು, ಚೀಟಿ ಹಿಡಿದುಕೊಳ್ಳುವವರು, ಎಂದು ನರ್ಸು ಹೇಳಿದಳು. ಈಗ ಹೆಂಗಸರೇ ಚೀಟಿ, ಹೆಂಗಸರೇ ರೋಗಿ. ಎದುರು ಬೆಂಚಿನಲ್ಲಿ ಕೂದಲು ಬಣ್ಣ ಹಾಕಿಸಿಕೊಂಡ, ಉಗುರು ತಿದ್ದಿಸಿಕೊಂಡ ಹೆಂಗಸರು ಸಾಲಾಗಿ ಕೂತು ಸದ್ದಾಗದ ಹಾಗೆ ಕೆಮ್ಮುತ್ತಿದ್ದರು. ಎಲ್ಲರೂ ತನ್ನ ಪಾರ್ಲರಿನ ಗಿರಾಕಿಗಳ ಹಾಗೆ ಕಂಡು ನೂರಿಸ್ ನೆಲ ನೋಡಿದಳು. ಇವರೆಲ್ಲರಿಗೂ ಒಬ್ಬೊಬ್ಬ ಅಕ್ಕ ಇದ್ದಿರಬೇಕು. ಒಳಗೆ ಡಾಕ್ಟರು ಯಾವಾಗಿನಿಂದ ಎಂದು ಕೇಳಿದಾಗ ಎನೇಯ್ಡಾ "ಹದಿನೈದರಿಂದ" ಎಂದು ಹೇಳಿ, ಅಕ್ಕನ ಕಡೆ ತಿರುಗಿ ಕಣ್ಣು ಹೊಡೆದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ನೂರಿಸ್ ಸಿಗರೇಟು ಬಿಟ್ಟು ಆರು ವರ್ಷವಾಗಿತ್ತು. ಬಿಟ್ಟಾಗ ಎನೇಯ್ಡಾ ಫೋನಿನಲ್ಲಿ ನಕ್ಕಿದ್ದಳು. "ಕಲಿಸಿಕೊಟ್ಟು ಅರ್ಧ ದಾರೀಲಿ ಇಳಿದುಬಿಟ್ಯಲ್ಲೇ ಅಕ್ಕಾ. ಬಸ್ಸಲ್ಲಿ ನಾನೊಬ್ಳೇ ಈಗ." ನೂರಿಸ್ ಕೂಡ ನಕ್ಕಿದ್ದಳು. ನೀನೂ ಇಳಿ ಎಂದು ಹೇಳಲಿಲ್ಲ. ಹೇಳಿದ್ದಳೇನೋ, ನಗುವಿನ ಮಧ್ಯೆ.

ಮನೆಯ ಮುಂದಿನ ಕೋಣೆಯಲ್ಲಿ ಬಿಳಿ ಬಟ್ಟೆ ಹೊದಿಸಿದ ಪೀಠ, ಅದರ ಮೇಲೆ ಕಪ್ಪು ಕಾಗದದ ಹೂ, ಎನೇಯ್ಡಾಳ ಲಿಪ್‌ಸ್ಟಿಕ್ ಹಚ್ಚಿದ ಫೋಟೋ, ಬಾಯಾರಿದರೆ ಕುಡಿಯಲಿ ಎಂದು ಒಂದು ಲೋಟ ನೀರು. ಪೀಠದ ಪಕ್ಕ ಪೆತ್ರೋನಾ ಕೂತಿದ್ದಳು, ಚುಟ್ಟ ಬಾಯಲ್ಲಿ, ಬೆಂಕಿ ಒಳಗೆ. ಎಂಬತ್ತರ ಹತ್ತಿರದ ಆ ಬಾಯಿಯ ಅಂಗುಳದಿಂದ ಡಾಕ್ಟರರು ಒಂದು ತುಂಡು ಕತ್ತರಿಸಿ ತೆಗೆದ ಮೇಲೆ ಕುಡಿದ ಕಾಫಿ ಸ್ವಲ್ಪ ಮೂಗಿಗೆ ಬರುತ್ತದೆ. ತೊರೆಯ ಸಾಲಿನಲ್ಲಿ ನಿಂತಿದ್ದ ಜೊತೆಗಾತಿಯರಲ್ಲಿ ಇಬ್ಬರು ಅಂಗುಳ ತೂತಾಗಿಯೇ ಹೋದರು. ಆದರೂ ಪೆತ್ರೋನಾ ಬಿಟ್ಟಿಲ್ಲ. ಬೆಂಕಿ ಇವಳನ್ನು ಚೂರುಚೂರೇ ತಿನ್ನುತ್ತ ಬಂದಿದೆ, ಎನೇಯ್ಡಾಳನ್ನು ಮಾತ್ರ ಒಂದೇ ತುತ್ತಿಗೆ.

ಮೆಟ್ಟಿಲ ಮೇಲೆ ಚಿಕ್ಕಪ್ಪನ ಮಗ ಅರ್ನುಲ್ಫೊ ಕುರ್ಚಿಗಳನ್ನು ಒರೆಸುತ್ತಿದ್ದ. ಒಂದು ಕಾಲದಲ್ಲಿ ಊರ ಬಯಲು ಟಾಕೀಸಿನಲ್ಲಿ ರೀಲು ಓಡಿಸುತ್ತಿದ್ದವನು. ಟಾಕೀಸು ಮುಚ್ಚಿತು, ಡೈಲಾಗು ಮುಚ್ಚಲಿಲ್ಲ. ಸಾವಿನ ಮನೆಯಲ್ಲಿ ಕೂತವರನ್ನು ನಗಿಸುವ ಕೆಲಸ ಊರಿನಲ್ಲಿ ಅವನದೇ.

"ಬಾಗಿಲಲ್ಲಿ ನಿಂತವಳು ಯಾರು? ದೋಸ್ತೋ, ದುಷ್ಮನ್ನೋ?" ಎಂದ, ಗಂಟಲನ್ನು ಬಾವಿಯಷ್ಟು ಆಳ ಮಾಡಿ.

"ಬಿಸ್ಕತ್ತು ತಂದೋಳು. ದಾರಿ ಬಿಡೋ."

"ಬಿಸ್ಕತ್ತು ತಂದವಳ ಮೇಲೆ ಗುಂಡು ಹಾರಿಸೋನಲ್ಲ ಈ ಅರ್ನುಲ್ಫೊ." ದಾರಿ ಬಿಟ್ಟ. ಅವನ ಕಣ್ಣು ಮಾತ್ರ ಅತ್ತು ಊದಿತ್ತು.

ಪೆತ್ರೋನಾ ಚೀಲದೊಳಗೆ ಕೈಹಾಕಿ ಪ್ಯಾಕುಗಳನ್ನು ಸವರಿ, ತಲೆಯಾಡಿಸಿದಳು. "ತಟ್ಟೆ ಉಜ್ಜಿಟ್ಟಿದೀನಿ."

"ಅಮ್ಮಾ, ಇವತ್ತು ತಟ್ಟೆ ಬೇಡ."

"ಏನಂದೆ?"

"ಸಿಗರೇಟು ಬೇಡ ಅಂದೆ. ಅವಳನ್ನ ಕೊಂದಿದ್ದೇ ಅದು. ಅದನ್ನೇ ಹಂಚ್ಕೊಂಡು ಕೂರೋದಾ?"

ಪೆತ್ರೋನಾ ಚುಟ್ಟವನ್ನು ಬಾಯಿಂದ ತೆಗೆದಳು. ಅದನ್ನು ಅವಳು ಊಟಕ್ಕೆ, ಪಾದ್ರಿಗೆ, ಜಗಳಕ್ಕೆ ಮಾತ್ರ ತೆಗೆಯುವುದು. "ನಿಮ್ಮಜ್ಜಿಗೆ ತಟ್ಟೆ ಇತ್ತು. ನಿಮ್ಮಪ್ಪನಿಗೆ ಇತ್ತು, ಆ ಕುಡುಕನಿಗೂ ಇತ್ತು. ನನ್ನ ಮಗಳಿಗೆ ಇಲ್ವಾ? ಒಂಬತ್ತು ದಿನ ಈ ಕೋಣೇಲೇ ಸುತ್ತಿದಾಳೆ ಅವಳು. ಇವತ್ತು ಹೊರಡ್ಬೇಕು. ಹೊಗೆ ಎದ್ದು ಬಾಗಿಲ ಕಡೆ ಹೋದ್ರೆ ತಾನೇ ದಾರಿ ಕಾಣೋದು ಅವಳಿಗೆ? ಹೊಗೆ ಇಲ್ದೆ ಎಲ್ಲಿ ಅಂತ ಹೋಗ್ತಾಳೆ? ಇಲ್ಲೇ ಉಳ್ಕೊಂಡು ಒದ್ದಾಡ್ಲಾ?"

"ಮಾಯೆರ್ಲಿಸ್ ತಗೋಬೇಕಾಗುತ್ತಲ್ಲಮ್ಮಾ."

"ತಗೋತಾಳೆ. ನಾನು ತಗೊಳ್ಲಿಲ್ವಾ?" ಎಂದು ಪೆತ್ರೋನಾ ಚುಟ್ಟವನ್ನು ಮತ್ತೆ ಒಳಗಿಟ್ಟು ಬಾಯಿ ಮುಚ್ಚಿಕೊಂಡಳು. ಬಾಗಿಲು ಹಾಕಿದ ಹಾಗಾಯಿತು. ಮೂಗಿನಿಂದ ಹೊಗೆ ಬಂತು. ನೂರಿಸ್‌ಗೆ, ಇಷ್ಟು ವಯಸ್ಸಾದ ಮೇಲೂ, ಯಾರಾದರೂ ಟೀಚರು ನೋಡುತ್ತಿದ್ದಾರೇನೋ ಎಂದು ಬೀದಿಯ ಕಡೆ ಕಣ್ಣು ಹೋಯಿತು. ಆ ಕಣ್ಣನ್ನು ಹಿಡಿದು ಬಾರಿಸಬೇಕು ಅನ್ನಿಸಿತು.

ಮಾಯೆರ್ಲಿಸ್‌ಳ ಕಪ್ಪು ಉಡುಪು ಇಸ್ತ್ರಿಯಾಗಿತ್ತು. ಅದನ್ನು ತೋಳಿನ ಮೇಲೆ ಹಾಕಿಕೊಂಡು ಹುಡುಗಿಯನ್ನು ಹುಡುಕಿದಳು. ಹುಡುಗಿಗೆ ಮೊದಲೇ ಹೇಳಿಬಿಡಬೇಕು. ತಟ್ಟೆ ಬಂದಾಗ ಬೇಡ ಅನ್ನು, ಅಜ್ಜಿ ಬೈದರೆ ನಾನಿದ್ದೇನೆ. ಇಷ್ಟೇ ಮಾತು. ಅಡುಗೆಮನೆ ದಾಟಿ ಹಿತ್ತಲಿಗೆ ಬಂದಾಗ ಕಲ್ಲಂಗಡಿಯ ವಾಸನೆ ಬಂತು. ಈ ಮನೆಯಲ್ಲಿ ಯಾರು ಕಲ್ಲಂಗಡಿ ಕೊಯ್ದರು? ಒಗೆಯುವ ಕಲ್ಲಿನ ಮೇಲೆ ಮಾಯೆರ್ಲಿಸ್ ಬೆನ್ನು ಹಾಕಿ ಕೂತಿದ್ದಳು, ಬಾಳೆಯ ಗಿಡದ ಕಡೆ ಮುಖ. ಅವಳ ಭುಜದ ಮೇಲಿಂದ ಬಿಳಿಯ ದಪ್ಪ ಮೋಡವೊಂದು ಎದ್ದು, ಸಿಹಿಯಾಗಿ ಕರಗಿತು. ಎನೇಯ್ಡಾ, ಎಂದು ನೂರಿಸ್‌ಳ ಬಾಯಿ ಕೂಗಿಯೇ ಬಿಟ್ಟಿತ್ತು, ಸದ್ದು ಬರಲಿಲ್ಲ ಅಷ್ಟೇ.

ಹುಡುಗಿ ಬೆಚ್ಚಿ ತಿರುಗಿ, ಗುಲಾಬಿ ಬಣ್ಣದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

"ಇದು ಸಿಗರೇಟಲ್ಲ ದೊಡ್ಡಮ್ಮ."

"ಮತ್ತೇನು?"

"ವೇಪ್. ಬರೀ ಆವಿ. ಕ್ಲಾಸಲ್ಲಿ ಎಲ್ಲಾ ಹುಡುಗೀರ ಹತ್ರಾನೂ ಇದೆ." ಮುಷ್ಟಿ ಸ್ವಲ್ಪ ತೆರೆದು ತೋರಿಸಿದಳು, ತುದಿಯಲ್ಲಿ ಸಣ್ಣ ನೀಲಿ ದೀಪ ಮಿನುಗಿ ಆರಿತು. "ನೋಡು, ಇದರಲ್ಲಿ ಬೆಂಕಿನೇ ಇಲ್ಲ. ನಾನೇನು ಅಮ್ಮನ ಹಾಗಲ್ಲಪ್ಪ."

ಒಳಗೆ ಬೆಂಕಿ, ಹೊರಗೆ ಬೆಂಕಿ, ಈಗ ಬೆಂಕಿಯೇ ಇಲ್ಲ. ಎಷ್ಟು ಅಚ್ಚುಕಟ್ಟು. ಕಲ್ಲು ಮಾತ್ರ ಅದೇ. ಬೆಂಕಿ ಇಲ್ಲದ್ದರಲ್ಲಿ ಏನಿರುತ್ತದೋ ನೂರಿಸ್‌ಗೆ ಗೊತ್ತಿರಲಿಲ್ಲ. ಆದರೆ ಫಿಲ್ಟರಿನಲ್ಲಿ ಏನಿರುತ್ತದೆ ಎಂದು ಆಗ ಯಾರಿಗೆ ಗೊತ್ತಿತ್ತು? ಹುಡುಗಿಯ ಬೆರಳು ಡಬ್ಬಿಯನ್ನು ಬಿಡದೆ ಉಜ್ಜುತ್ತಿದ್ದವು, ಜಪಸರದ ಮಣಿಯನ್ನು ಉಜ್ಜುವ ಹಾಗೆ. ಆ ಬೆರಳಿನ ಚಡಪಡಿಕೆ ಅವಳಿಗೆ ಗೊತ್ತಿತ್ತು.

"ಯಾರು ಕೊಟ್ಟಿದ್ದು?"

ಹುಡುಗಿ ಮುಷ್ಟಿಯನ್ನು ಮತ್ತೆ ಮುಚ್ಚಿಕೊಂಡಳು.

"ಯಾವನು ಕೊಟ್ಟ ಹೇಳು, ಅವನ ಕೈ ಮುರೀತೀನಿ."

"ಅಮ್ಮ."

ಒಂದು ಕೋಳಿ ಅವರಿಬ್ಬರ ಮಧ್ಯೆ ಕೆರೆಯುತ್ತ ಹೋಯಿತು.

"ಅವಳ ಚೀಲದಲ್ಲಿದ್ದ ಪ್ಯಾಕಿಂದ ಕದ್ದಿದ್ದೆ ಒಂದ್ಸಲ. ಸಿಕ್ಕಿಹಾಕ್ಕೊಂಡೆ. ಅತ್ತಳು, ಹೊಡೆದಳು. ಮಾರನೇ ದಿನ ಸಿಂಸೆಲೆಹೋದಿಂದ ಬರುವಾಗ ಇದನ್ನ ತಂದ್ಕೊಟ್ಟಳು. ನನ್ನ ಹಾಗಾಗ್ಬೇಡ, ಸೇದಲೇಬೇಕು ಅಂತಿದ್ರೆ ಇದನ್ನ ಸೇದು ಅಂತ." ಹುಡುಗಿ ಡಬ್ಬಿಯನ್ನು ಲಂಗಕ್ಕೆ ಒರೆಸಿದಳು. "ಅವಳು ಕೊಟ್ಟಿದ್ದು ಇದೇ ಕೊನೇದು ದೊಡ್ಡಮ್ಮ. ಆಮೇಲೆ ಅವಳು ಅಂಗಡಿಗೆ ಹೋಗೇ ಇಲ್ಲ."

ಹೇಳಬೇಕೆಂದುಕೊಂಡು ಬಂದ ಇಷ್ಟೇ ಮಾತು ಎಲ್ಲಿಗೋ ಹೋಯಿತು. ನೂರಿಸ್ ಕಪ್ಪು ಉಡುಪನ್ನು ಹುಡುಗಿಯ ಮಡಿಲಲ್ಲಿ ಇಟ್ಟು, "ಹಾಕ್ಕೊಂಡು ಬಾ, ಜನ ಬರೋ ಹೊತ್ತು" ಎಂದಳು. ಒಳಗೆ ಬಂದು, ತಟ್ಟೆಯ ಮೇಲೆ ಅಮ್ಮ ಆಗಲೇ ಹೂವಿನ ದಳದ ಹಾಗೆ ಜೋಡಿಸಿಟ್ಟಿದ್ದ ಸಿಗರೇಟುಗಳನ್ನು ನೋಡುತ್ತ ನಿಂತಳು. ಎನೇಯ್ಡಾ ಆ ಗುಲಾಬಿ ಡಬ್ಬಿಯನ್ನು ಆರಿಸುವುದು ಕಣ್ಣಿಗೆ ಕಟ್ಟಿತು. ಉಸಿರು ಸಾಲದೆ ಅಂಗಡಿಯ ಕಟ್ಟೆಗೆ ಒರಗಿ, ಮಗಳಿಗೆ ಯಾವ ಬಣ್ಣ ಒಪ್ಪುತ್ತದೆ ಎಂದು ನೋಡುವುದು. ಅವಳೂ ಆ ರಾತ್ರಿ ಸೊಗಸಾಗಿ ನಿದ್ದೆ ಮಾಡಿದಳೇ?

ಪೆತ್ರೋನಾಗೆ ರಾತ್ರಿ ಕೂರಲಾಗದ ಕಾರಣ ಪೀಠ ತೆಗೆದು ಸತ್ತವಳನ್ನು ಕಳಿಸಿಕೊಡುವ ಶಾಸ್ತ್ರ ಸಂಜೆಗೇ ಎಂದಾಗಿತ್ತು. ಚರ್ಚಿನ ಗಂಟೆಗೆ ಕೋಣೆ ತುಂಬಿತು. ನೆರೆಮನೆಯ ದಿಲಿಯಾ ಜಪ ಹೇಳಿಸಿದಳು, ಮೂಗಿನಲ್ಲಿ, ಎಲ್ಲೂ ನಿಲ್ಲದೆ. ಅರ್ನುಲ್ಫೊ ಬಾಗಿಲಲ್ಲಿ ಎರಡು ಜೋಕು ಹೇಳಿ, ಮೂರನೆಯದರ ಮಧ್ಯೆ ಮರೆತ. ಕಾಫಿ ಹೋಯಿತು, ಬಿಸ್ಕತ್ತು ಹೋಯಿತು. ಆಮೇಲೆ ಎಲ್ಲರೂ ಅಡುಗೆಮನೆಯ ಬಾಗಿಲು ನೋಡಿದರು.

ನೂರಿಸ್ ತಟ್ಟೆ ಹಿಡಿದು ಬಂದಳು. ತಟ್ಟೆ ಖಾಲಿ. ಉಜ್ಜಿ ಹೊಳೆಯುವ ತಗಡಿನ ಮೇಲೆ ಮೇಣದಬತ್ತಿಯ ಬೆಳಕು ಬಿಟ್ಟರೆ ಏನೂ ಇರಲಿಲ್ಲ. ಕೋಣೆಯಲ್ಲಿ ಗುಸುಗುಸು ಎದ್ದಿತು. "ಮರೆತುಬಿಟ್ಟಳಾ?" "ದುಃಖದಲ್ಲಿ ತಲೆ ಕೆಟ್ಟಿದೆ ಪಾಪ." ಪೆತ್ರೋನಾ ಕುರ್ಚಿಯಿಂದ ಅರ್ಧ ಎದ್ದಳು. ನೂರಿಸ್‌ಳ ಕಾಲು ಮಾಯೆರ್ಲಿಸ್‌ಳ ಮುಂದೆ ಹೋಗಬೇಕಿತ್ತು, ಹೋಗಲಿಲ್ಲ. ಹತ್ತಿರ ಸಿಕ್ಕ ಅರ್ನುಲ್ಫೊನ ಮುಂದೆ ನಿಂತುಬಿಟ್ಟಿತು. ಅವನು ಖಾಲಿ ತಟ್ಟೆ ನೋಡಿದ, ಅವಳ ಮುಖ ನೋಡಿದ. ಏನರ್ಥವಾಯಿತೋ. ಅಂಗಿಯ ಜೇಬಿನಿಂದ ತನ್ನ ಪ್ಯಾಕು ತೆಗೆದು, ಎರಡೂ ಕೈ ಮೇಲೆತ್ತಿ, ಆ ಹಳೇ ಟಾಕೀಸಿನ ಗಂಟಲಿನಲ್ಲಿ, "ಆಯುಧ ಒಪ್ಪಿಸ್ತಿದೀನಿ. ಗುಂಡು ಹಾರಿಸ್ಬೇಡ" ಎಂದು ತಟ್ಟೆಯ ಮೇಲಿಟ್ಟ. ಒಂದಿಬ್ಬರು ನಕ್ಕರು. ನಗು ಅರ್ಧಕ್ಕೆ ನಿಂತಿತು, ಏಕೆಂದರೆ ಅರ್ನುಲ್ಫೊ ಅಳುತ್ತಿದ್ದ. ದಿಲಿಯಾ ಗೊಣಗುತ್ತ ಎರಡು ಸಿಗರೇಟು ಇಟ್ಟಳು, ಕಿವಿಯ ಹಿಂದೆ ಸಿಕ್ಕಿಸಿದ್ದ ಒಂದನ್ನು ಮರೆತವಳ ಹಾಗೆ ಉಳಿಸಿಕೊಂಡಳು. ಕೆಲವರು ಇಟ್ಟರು, ಕೆಲವರು ಗೋಡೆ ನೋಡಿದರು. ಉಬಾಲ್ದೊ ತನ್ನ ಕಾಲನ್ನೇ ನೋಡಿಕೊಂಡ.

ಕೊನೆಗೆ ಮಾಯೆರ್ಲಿಸ್.

"ನನ್ನ ಹತ್ರ ಏನಿಲ್ಲ" ಎಂದಳು ಹುಡುಗಿ. ಸುತ್ತ ಕೂತ ಹೆಂಗಸರು ತಲೆದೂಗಿದರು. "ಬಂಗಾರದಂಥ ಹುಡುಗಿ, ಅಮ್ಮನ ಚಾಳಿ ಬಂದಿಲ್ಲ ನೋಡಿ." ಕಪ್ಪು ಉಡುಪಿನ ಜೇಬಿನ ಮೇಲೆ ಹುಡುಗಿಯ ಕೈ ಒತ್ತಿ ಕೂತಿತ್ತು. ನೂರಿಸ್ ಕದಲಲಿಲ್ಲ. ತಟ್ಟೆ ಭಾರವಾಗಿತ್ತು.

"ಮುಂದಕ್ಕೆ ಹೋಗು ದೊಡ್ಡಮ್ಮ. ಎಲ್ಲಾ ನೋಡ್ತಿದಾರೆ."

"ನೋಡ್ಲಿ."

"ಅದು ಅಮ್ಮ ಕೊಟ್ಟಿದ್ದು." ತುಟಿ ಮಾತ್ರ ಅಲುಗಿತು.

ನೂರಿಸ್ ಬಗ್ಗಿದಳು, ಹುಡುಗಿಗೆ ಮಾತ್ರ ಕೇಳುವಷ್ಟು. "ನಿಮ್ಮಮ್ಮನಿಗೆ ಮೊದಲನೇದು ಕೊಟ್ಟವಳು ನಾನು. ಅದೇ ಕಲ್ಲಿನ ಮೇಲೆ. ಅವಳಿಗೆ ಆಗ ಹದಿನೈದು."

ಹುಡುಗಿ ತಲೆಯೆತ್ತಿದಳು. ಆ ಕಣ್ಣುಗಳಲ್ಲಿ ಮೊದಲು ಏನೂ ಇರಲಿಲ್ಲ. ಆಮೇಲೆ ಅರ್ಥ ಬಂತು, ಅರ್ಥದ ಹಿಂದೆ ದ್ವೇಷದಂಥ ಇನ್ನೊಂದು ಬಂತು. ಬರೀ ಬಿಸ್ಕತ್ತಿನ ತಟ್ಟೆ ಹಿಡಿದು ಮುಂದಕ್ಕೆ ಹೋಗಿದ್ದರೆ ನೂರಿಸ್ ಅದನ್ನು ನೋಡದೆ ಇರಬಹುದಾಗಿತ್ತು. ಜೇಬಿನಿಂದ ಆ ಗುಲಾಬಿ ಡಬ್ಬಿಯನ್ನು ತೆಗೆದು ಮಾಯೆರ್ಲಿಸ್ ತಟ್ಟೆಯ ಮೇಲೆ ಇಡಲಿಲ್ಲ, ಎಸೆದಳು. ತಗಡು ಚರ್ಚಿನ ಗಂಟೆಗಿಂತ ಜೋರಾಗಿ ಸದ್ದು ಮಾಡಿತು. ಹುಡುಗಿ ಎದ್ದು, ದೊಡ್ಡಮ್ಮನ ಮೈಗೆ ತಾಕದ ಹಾಗೆ ಪಕ್ಕಕ್ಕೆ ಸರಿದು, ಹೋಗಿ ಅಜ್ಜಿಯ ಕಾಲಬುಡದಲ್ಲಿ ಕೂತಳು. ಇನ್ನು ಅವಳನ್ನು ಯಾರೂ ಹುಡುಗಿ ಎನ್ನುವುದಿಲ್ಲ.

ದಿಲಿಯಾ ಪೀಠದ ಬಟ್ಟೆಯನ್ನು ಎಳೆದಳು. ಮೇಣದಬತ್ತಿಗಳನ್ನು ಒಂದೊಂದಾಗಿ ಆರಿಸತೊಡಗಿದರು. ಹೋಗುವವಳಿಗೆ ದಾರಿ ಬಿಡಲು ಎಲ್ಲರೂ ಗೋಡೆಯ ಕಡೆಗೆ ಸರಿದು ನಿಂತರು. ಆರಿದ ಬತ್ತಿಗಳಿಂದ ಎದ್ದ ತೆಳ್ಳನೆಯ ಹೊಗೆ ಸ್ವಲ್ಪ ಹೊತ್ತು ಕೋಣೆಯ ಮಧ್ಯೆ ಅನುಮಾನಿಸಿ, ಆಮೇಲೆ ಬಾಗಿಲ ಕಡೆ ಹೊರಳಿತು. ನೂರಿಸ್ ತಟ್ಟೆ ಹಿಡಿದು ದಾರಿಯಲ್ಲೇ ನಿಂತಿದ್ದಳು. ಸರಿಯಬೇಕು ಎಂದು ಗೊತ್ತಿತ್ತು. ಯಾರಾದರೂ ಬಂದು ತಟ್ಟೆ ತೆಗೆದುಕೊಂಡಾರು ಎಂದು ಕಾಯ್ದಳು. ಹೊಗೆ ಅವಳ ಮುಖ ಸವರಿ ಹಾದುಹೋಯಿತು. ಕೊನೆಯ ಬತ್ತಿಯೂ ಆರಿ ಕತ್ತಲಾಯಿತು. ಕತ್ತಲಲ್ಲಿ ಎಲ್ಲೋ ಒಂದು ಬಾಯಿ ತೆರೆಯಿತು, ಅದರೊಳಗೆ, ನಾಲಗೆಯ ಮೇಲೆ, ಕೆಂಪಗೆ ಒಂದು ಕೆಂಡ ಕಂಡಿತು. ಇಡೀ ಮನೆಯಲ್ಲಿ ಉಳಿದಿದ್ದ ಬೆಳಕು ಅದೊಂದೇ.

"ಯಾರಾದ್ರೂ ಲೈಟ್ ಹಾಕ್ರೋ" ಎಂದಳು ಪೆತ್ರೋನಾ. "ಹೋದಳು ನನ್ನ ಮಗಳು."